ಪ್ಯಾನ್ ಅಂಗಳದ ಕಂಪ್ಯೂಟರ್

ಅಂಕಲ್ ಆಲ್ಡ್ವಿನ್ ಅವರ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದವಳು ನಾನೇ. ಹಾಕದೆ ವಿಧಿ ಇರಲಿಲ್ಲ. ಅವರು ಸ್ವರ ಕೂಡಿಸುತ್ತಿದ್ದ ಸಂಗೀತದ ತಂತ್ರಾಂಶ ಹಳೆಯ ಸಿಸ್ಟಮ್ ಮೇಲೆ ತೆರೆಯುವುದೇ ಇಲ್ಲ ಎಂದು ಹಟ ಹಿಡಿದಿತ್ತು. ಒಂದು ಭಾನುವಾರ ಚರ್ಚು ಮುಗಿಸಿ ಬಂದು, ಅವರ ಹೆಂಡತಿ ಕೊಟ್ಟ ಸೋರೆಲ್ ಶರಬತ್ತು ಕುಡಿಯುತ್ತ ಕುಡಿಯುತ್ತ ಎಲ್ಲ ಮುಗಿಸಿಕೊಟ್ಟೆ. ಆ ವಾರದಿಂದಲೇ ಅದಕ್ಕೆ ರೋಗ ಹತ್ತಿತು. ಹಾಡು ಓಡುತ್ತಿರುವಾಗಲೇ ಪರದೆ ಮರಗಟ್ಟುತ್ತಿತ್ತು, ಮೌಸ್ ಎಷ್ಟು ಎಳೆದಾಡಿದರೂ ಬಾಣ ಅಲ್ಲಾಡುತ್ತಿರಲಿಲ್ಲ, ಸ್ಪೀಕರು ಒಂದೇ ಸ್ವರ ಹಿಡಿದು ಗೊರಗೊರ ಎನ್ನುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತಿತ್ತು.

ಅರೀಮಾ ಪೇಟೆಯಲ್ಲಿ ನಾನು ಕೆಲಸ ಮಾಡುವ ರಿಪೇರಿ ಅಂಗಡಿಗೆ ಇಂಥವು ದಿನಾ ಬರುತ್ತವೆ. ಬೇರೆ ಯಾರದಾದರೂ ಆಗಿದ್ದರೆ ಎರಡು ದಿನ ಬಿಟ್ಟು ಬನ್ನಿ ಎಂದು ಸಾಗಹಾಕುತ್ತಿದ್ದೆ. ಆದರೆ ಇದು ಅಂಕಲ್ ಆಲ್ಡ್ವಿನ್ ಅವರದು. ಚಿಕ್ಕಂದಿನಲ್ಲಿ ನನ್ನ ಮೊಣಕಾಲಿನಷ್ಟೆತ್ತರದ ಪೆಟ್ಟಿಗೆಯ ಮೇಲೆ ನನ್ನನ್ನು ನಿಲ್ಲಿಸಿ ಪ್ಯಾನ್ ಬಾರಿಸಲು ಕಲಿಸಿದವರು ಅವರು. ಎಣ್ಣೆ ಪೀಪಾಯಿಯ ತಳ ಬಡಿದು ಮಾಡಿದ ಈ ವಾದ್ಯದಿಂದ ಹಾಡು ತೆಗೆಯಬಹುದೆಂದು ನಾನು ನಂಬಿದ್ದೇ ಅವರ ಕೈ ನೋಡಿ.

ಪ್ರತಿ ಕಾರ್ನಿವಲ್ ಹಬ್ಬಕ್ಕೂ ನಮ್ಮ ಟ್ಯಾಮರಿಂಡ್ ಹಿಲ್ ತಂಡದ ಹಾಡು ಕಟ್ಟುವವರು ಅವರೇ. ನಮ್ಮಲ್ಲಿ ಸ್ವರ ಬರೆದ ಕಾಗದ ನೋಡಿ ಬಾರಿಸುವವರು ಯಾರೂ ಇಲ್ಲ. ಹಾಡು ಕಟ್ಟಿದವರು ಒಬ್ಬೊಬ್ಬರ ಹತ್ತಿರ ಬಂದು, ಕೋಲು ಕಸಿದುಕೊಂಡು, ತುಣುಕು ತುಣುಕಾಗಿ ಬಾರಿಸಿ ತೋರಿಸಬೇಕು. ನಾವು ಅದನ್ನೇ ಬಾರಿಸಿ ಬಾರಿಸಿ ಕೈಗೆ ಇಳಿಸಿಕೊಳ್ಳಬೇಕು. ಆದರೆ ಹೋದ ವರ್ಷ ಅಂಕಲ್‌ಗೆ ಲಕ್ವ ಹೊಡೆಯಿತು. ಬಲಗೈ ಜೋತುಬಿತ್ತು, ನಾಲಗೆ ದಪ್ಪವಾಯಿತು. ಏನು ಹೇಳಿದರೂ ಅರ್ಥವಾಗುತ್ತಿದ್ದುದು ಹೆಂಡತಿ ಹೈಸಿಂತ್‌ಗೆ ಮಾತ್ರ. ನಾವೆಲ್ಲ ಅವರನ್ನು, ಆಂಟಿ ಎನ್ನುವ ಹಾಗೆ, ಟಾಂಟಿ ಎನ್ನುತ್ತೇವೆ. ಟಾಂಟಿ ಹೈಸಿಂತ್ ತಂಡದಲ್ಲಿ ತಗ್ಗಿನ ಸ್ವರದ ಬೇಸ್ ಬಾರಿಸುವವರು, ಅಂದರೆ ಸುತ್ತ ಆರು ಇಡೀ ಪೀಪಾಯಿ ನಿಲ್ಲಿಸಿಕೊಂಡು ನಡುವೆ ರಾಣಿಯ ಹಾಗೆ ನಿಲ್ಲುವವರು. ಗಂಡನ ಮಾತನ್ನು ತಂಡಕ್ಕೆ ತಾನೇ ಹೇಳಲು ಅವರು ಅಭ್ಯಾಸದ ಮೊದಲ ದಿನವೇ ಬಾಯಿ ತೆರೆದಿದ್ದರು. ಅಂಕಲ್ ಎಡಗೈಯಲ್ಲಿ ಮೇಜು ಬಡಿದು ತಡೆದರು. ಹೆಂಡತಿಯ ಬಾಯಿಂದ ಮಾತಾಡುವ ಗಂಡಸು ಅನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಅಂದಿನಿಂದ ನಾವು ಅಭ್ಯಾಸ ಮಾಡುವ ಪ್ಯಾನ್ ಅಂಗಳದಲ್ಲಿ ಅವರು ತುಟಿ ಬಿಚ್ಚಲಿಲ್ಲ. ಎಡಗೈಯ ಒಂದೇ ಬೆರಳಿನಿಂದ ಹಾಡನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದರು, ಸ್ಪೀಕರಿನಲ್ಲಿ ಬಂದದ್ದನ್ನು ನಾವು ಕೇಳಿ ಕಲಿಯುತ್ತಿದ್ದೆವು.

ಅಂಥ ಕಂಪ್ಯೂಟರನ್ನು ನಾನು ಕೆಡಿಸಿಟ್ಟಿದ್ದೆ. ಕನಿಷ್ಠ ಎಲ್ಲರೂ ಹಾಗೆ ಅನ್ನುತ್ತಿದ್ದರು.

"ಏನ್ ಜೆರ್ಲೀನ್, ಹೊಸ ಸಿಸ್ಟಮ್ ಹಾಕಿದ್ಯೋ, ಇಲ್ಲಾ ನಿದ್ದೆ ಮಾತ್ರೆ ಹಾಕಿದ್ಯೋ?" ಎಂದು ತಂಡದ ನಾಯಕ ವೆಂಡೆಲ್ ದಿನಾ ಕೇಳುತ್ತಿದ್ದ.

"ಬಾ, ನಿನ್ನ ತಲೇಗೂ ಒಂದು ಹೊಸಾದು ಹಾಕಿಕೊಡ್ತೀನಿ. ಇರೋದು ತುಕ್ಕು ಹಿಡಿದಿದೆ," ಎನ್ನುತ್ತಿದ್ದೆ.

ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಅಂಗಳಕ್ಕೆ ಬಂದು ಕೂರುತ್ತಿದ್ದೆ. ಆಗ ಅಲ್ಲಿ ಎರಡು ಕೋಳಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಡ್ರೈವರ್‌ಗಳನ್ನೆಲ್ಲ ತೆಗೆದು ಹೊಸದಾಗಿ ಹಾಕಿದೆ. ಮೆಮೊರಿ ಪಟ್ಟಿಗಳನ್ನು ಕಿತ್ತು, ಒರೆಸಿ, ಅದಲು ಬದಲು ಮಾಡಿ ಕೂರಿಸಿದೆ. ಕರೆಂಟು ಉಳಿಸುವ ಸೌಕರ್ಯಗಳನ್ನು ಒಂದೊಂದಾಗಿ ನಿಲ್ಲಿಸಿದೆ. ಡಬ್ಬಿ ಬಿಚ್ಚಿ ಧೂಳು ಊದಿದಾಗ ಒಳಗಿಂದ ಹಲ್ಲಿಯ ಮೊಟ್ಟೆಯ ಸಿಪ್ಪೆ ಬಂತು, ಅಪರಾಧಿ ಸಿಕ್ಕಿದ ಎಂದು ಕುಣಿದಾಡಿದೆ. ಬೆಳಿಗ್ಗೆಯೆಲ್ಲ ಕಂಪ್ಯೂಟರು ಕುದುರೆಯಂತೆ ಓಡುತ್ತಿತ್ತು. ಸಂಜೆ ಅಭ್ಯಾಸ ಶುರುವಾದರೆ ಸಾಕು, ಮತ್ತೆ ಮರಗಟ್ಟುತ್ತಿತ್ತು.

ಅದು ನಿಂತಾಗಲೆಲ್ಲ ಅಂಕಲ್ ಎಡಗೈ ಎತ್ತುತ್ತಿದ್ದರು. ಪ್ಯಾನ್ ಅಂಗಳದಲ್ಲಿ ಹಾಡು ಕಟ್ಟಿದವರ ಕೈ ಮೇಲೆ ಹೋಯಿತೆಂದರೆ ಮುಗಿಯಿತು, ಕೋಲು ಪೀಪಾಯಿಗೆ ತಾಗಿಸುವ ಧೈರ್ಯ ಯಾರಿಗೂ ಇಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಆ ಮೌನದಲ್ಲಿ ಅದು ತಾನಾಗಿ ಸರಿಹೋಗುತ್ತಿತ್ತು. ಕಂಪ್ಯೂಟರಿಗೆ ಅಂಕಲ್ ಮೇಲೆ ಗೌರವ ಇದೆ, ಜೆರ್ಲೀನ್ ಮೇಲೆ ಇಲ್ಲ ಎಂದು ಮಾತಾಯಿತು.

ಒಂದು ಸಂಜೆ ಟಾಂಟಿ ಚರ್ಚಿನಿಂದ ಒಂದು ಸೀಸೆ ತಂದು ಮುಚ್ಚಳ ಬಿಚ್ಚಿದರು.

"ಟಾಂಟಿ, ನೀರು ಹಾಕ್ಬೇಡಿ! ಒಳಗೆ ಕರೆಂಟ್ ಇದೆ!" ಎಂದು ಓಡಿದೆ.

"ಪಾದ್ರಿಗಳು ಮಂತ್ರಿಸಿ ಕೊಟ್ಟ ನೀರು ಕಣೇ, ಶಾಕ್ ಹೊಡೆಯಲ್ಲ."

"ಅದು ನಿಮಗೆ ಗೊತ್ತು, ಕರೆಂಟಿಗೆ ಗೊತ್ತಿಲ್ಲ!"

ಕೊನೆಗೆ ಆ ನೀರನ್ನು ನನ್ನ ನೆತ್ತಿಗೆ ಚಿಮುಕಿಸಿದರು. ರೋಗ ಕಂಪ್ಯೂಟರಿಗಲ್ಲ, ಅದನ್ನು ಮುಟ್ಟುವವಳಿಗೇ ಇರಬೇಕು ಎಂಬುದು ಅವರ ತೀರ್ಮಾನ. ಅಂಕಲ್ ಮುಖದ ಒಂದೇ ಪಕ್ಕ ನಕ್ಕಿತು. ಆ ಅರ್ಧ ನಗೆಗಾಗಿ ಇನ್ನೊಂದು ಸೀಸೆ ಸುರಿಸಿಕೊಳ್ಳಲೂ ನಾನು ತಯಾರಿದ್ದೆ.

ಆದರೆ ಕಾರ್ನಿವಲ್ ಹತ್ತಿರ ಬರುತ್ತಿತ್ತು. ಶುಕ್ರವಾರ ಪ್ಯಾನ್ ಸ್ಪರ್ಧೆಯ ಮೊದಲ ಸುತ್ತಿನ ತೀರ್ಪುಗಾರರು ನಮ್ಮ ಅಂಗಳಕ್ಕೇ ಬರುವವರಿದ್ದರು, ಹಾಡಿನ ಕೊನೆಯ ಭಾಗವನ್ನು ನಾವಿನ್ನೂ ಕಲಿತಿರಲಿಲ್ಲ. ಮಂಗಳವಾರ ಸಂಜೆ ವೆಂಡೆಲ್ ಅಂಕಲ್ ಎದುರಿಗೆ ಬಂದು ಟೋಪಿ ತೆಗೆದು ನಿಂತ. ಅವನು ಟೋಪಿ ತೆಗೆಯುವುದು ಸಾವಿನ ಮನೆಯಲ್ಲಿ ಮಾತ್ರ.

"ಅಂಕಲ್, ತಪ್ಪು ತಿಳ್ಕೋಬೇಡಿ. ಪೋರ್ಟ್ ಆಫ್ ಸ್ಪೇನ್ ಪಟ್ಟಣದಲ್ಲಿ ಒಬ್ಬ ಹುಡುಗನ್ನ ಕೇಳಿದೀನಿ. ಚೆನ್ನಾಗಿ ಕಟ್ತಾನಂತೆ. ನಾಳೆ ಬಂದು ಕೊನೇ ಭಾಗ ಅವನು ಕಲಿಸಿಬಿಡ್ಲಿ. ನೀವು ಕೂತು ನೋಡ್ತಾ ಇರಿ, ಸಾಕು."

ಅಂಕಲ್ ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೂತು ನೋಡುವುದು ಎಂದರೇನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೇರೆಯವನು ಒಮ್ಮೆ ಹಾಡು ಮುಗಿಸಿದರೆ ಮುಂದಿನ ವರ್ಷ ಹಾಡು ಶುರು ಮಾಡುವವನೂ ಅವನೇ. ಲಕ್ವ ಅಂಕಲ್ ಅವರ ಕೈ ಮತ್ತು ನಾಲಗೆ ತೆಗೆದುಕೊಂಡಿತ್ತು, ಉಳಿದಿದ್ದನ್ನು ನಾನು ಹಾಕಿದ ಸಿಸ್ಟಮ್ ತೆಗೆದುಕೊಳ್ಳುತ್ತಿದೆ ಎನಿಸಿ ನನಗೆ ಅಳು ಬಂತು. ಕಂಪ್ಯೂಟರಿನ ಡಬ್ಬಿಯ ಪಕ್ಕ ಕೂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಮೇಲೆ ಅಂಗೈ ಇಟ್ಟುಕೊಂಡೆ. ಬಹಳ ಹೊತ್ತು ಹಾಗೇ ಕೂತಿದ್ದೆ.

ವಿಚಿತ್ರವೆಂದರೆ ಅಷ್ಟು ಹೊತ್ತೂ ಅದು ಒಮ್ಮೆಯೂ ನಿಲ್ಲಲಿಲ್ಲ. ಮೇಲಿನ ಸ್ವರದ ಟೆನರ್‌ನವರು ಕಲಿತರು, ನಡುವಿನ ಪ್ಯಾನ್‌ಗಳವರು ಕಲಿತರು. ಜೋಳದ ಸೂಪು ಮಾರುವವಳು ಬಂದಳು, ಎಲ್ಲರೂ ಕುಡಿದು ಮತ್ತೆ ಶುರು ಮಾಡಿದರು. ವೆಂಡೆಲ್ ಗೊಂದಲಕ್ಕೆ ಬಿದ್ದ.

ಆಗ ಟಾಂಟಿ ಬಂದರು. ಗಂಡನ ರಕ್ತದೊತ್ತಡದ ಮಾತ್ರೆ ತರಲು ಹೋದವರು ಔಷಧಿ ಅಂಗಡಿಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದರಂತೆ. "ನಾನಿಲ್ಲದೆ ಶುರು ಮಾಡಿದ್ರಾ? ಬೇಸ್ ಇಲ್ದೆ ಏನ್ ಬಾರಿಸ್ತಿದ್ದೀರಿ, ಸೊಳ್ಳೆ ಹಾಡಾ?" ಎಂದು ಬೈಯುತ್ತ ಹಲಗೆಯ ಕಟ್ಟೆ ಹತ್ತಿದರು. ಅಂಕಲ್ ಅವರ ಮೇಜು ಇದ್ದುದು ಆ ಕಟ್ಟೆಯ ಮೇಲೆ. ಪ್ರತಿ ವರ್ಷ ಬೇಸ್ ಗೇಟಿನ ಪಕ್ಕದಲ್ಲಿರುತ್ತಿತ್ತು. ಈ ಸಲ ಅಭ್ಯಾಸ ಶುರುವಾದ ದಿನವೇ ಟಾಂಟಿ ತನ್ನ ಆರು ಪೀಪಾಯಿಗಳನ್ನೂ ಕಟ್ಟೆಗೆ ಏರಿಸಿ ಗಂಡನ ಮಗ್ಗುಲಿಗೇ ತಂದುಕೊಂಡಿದ್ದರು. ಅವರು ತೂಕಡಿಸಿ ಬಿದ್ದರೆ ಹಿಡಿಯಬೇಕಲ್ಲ.

ಟಾಂಟಿ ಕೋಲೆತ್ತಿ ಎಲ್ಲಕ್ಕಿಂತ ತಗ್ಗಿನ ಸ್ವರ ಹೊಡೆದರು. ನನ್ನ ಅಂಗೈ ಕೆಳಗೆ ಡಬ್ಬಿ ಗಡಗಡ ನಡುಗಿತು. ಪರದೆ ನಿಂತಿತು. ಅಂಕಲ್ ಕೈ ಮೇಲೆ ಹೋಯಿತು, ಅಂಗಳ ಸ್ತಬ್ಧವಾಯಿತು.

ಕಂಪ್ಯೂಟರು ಸರಿಹೋಗುವವರೆಗೆ ಕಾದೆ. "ಟಾಂಟಿ, ಇನ್ನೊಂದ್ ಸಲ ಬಾರ್ಸಿ."

"ಅವರ ಕೈ ಮೇಲಿದೆ. ಹ್ಯಾಗೆ ಬಾರಿಸ್ಲಿ? ಹುಚ್ಚಾ ನಿಂಗೆ?"

"ಅಂಕಲ್, ದಮ್ಮಯ್ಯ, ಕೈ ಇಳಿಸಿ."

ಅಂಕಲ್ ಕೈ ಇಳಿಸಿದರು. ಟಾಂಟಿ ಬಾರಿಸಿದರು, ಪರದೆ ನಿಂತಿತು. ಬಾರಿಸುತ್ತಲೇ ಇರಿ ಎಂದೆ, ಅದು ನಿಂತೇ ಇತ್ತು. ಸಾಕು ಎಂದೆ, ಸ್ವಲ್ಪ ಹೊತ್ತಿಗೆ ಓಡಿತು.

"ಟಾಂಟಿ ಕಂಡ್ರೆ ಅದಕ್ಕೆ ಭಯ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಭಯ ಇರೋದು ಒಳ್ಳೇದೇ, ನನ್ನ ಗಂಡನಿಗೂ ಇದೆ," ಎಂದರು ಟಾಂಟಿ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು.

ನಾನು ವಿವರಿಸಿದೆ. ಆ ಹಳೆಯ ಡಬ್ಬಿಯೊಳಗೆ ತಟ್ಟೆಯಂತೆ ತಿರುಗುವ ಡಿಸ್ಕ್ ಇದೆ, ಅದನ್ನು ಓದಲು ಒಂದು ಸೂಜಿಯಿದೆ. ಹಲಗೆ ನಡುಗಿದರೆ ಸೂಜಿಗೆ ಜಾಗ ತಪ್ಪುತ್ತದೆ. ಹಳೆಯ ಸಿಸ್ಟಮ್ ಹಾಡು ಓಡುವಾಗ ಡಿಸ್ಕಿನ ತಂಟೆಗೆ ಹೋಗುತ್ತಿರಲಿಲ್ಲ. ಹೊಸದು ಒಂದು ಗಳಿಗೆಯೂ ಸುಮ್ಮನಿರದೆ ಅದನ್ನು ಕೆದಕುತ್ತಿರುತ್ತದೆ, ಸೂಜಿ ತಪ್ಪಿದರೆ ಎಲ್ಲವನ್ನೂ ನಿಲ್ಲಿಸಿಕೊಂಡು ಕಾಯುತ್ತದೆ. ತಿರುಗದ ಹೊಸ ಬಗೆಯ ಡಿಸ್ಕ್ ಹಾಕಿದರೆ ತೊಂದರೆಯೇ ಇಲ್ಲ, ಆದರೆ ನಮ್ಮ ಅಂಗಡಿಗೆ ಅದು ಬರುವುದು ಮುಂದಿನ ವಾರ.

"ಅಷ್ಟೇನಾ? ಹಂಗಾದ್ರೆ ಬೇಸನ್ನ ಗೇಟಿನ ಹತ್ರ ಸಾಗ್ಸಿ. ಮೊದಲು ಇದ್ದದ್ದೂ ಅಲ್ಲೇ ತಾನೇ," ಎಂದ ವೆಂಡೆಲ್.

ಎಲ್ಲರಿಗೂ ಸಮಾಧಾನವಾಯಿತು. ಟಾಂಟಿಗೆ ಮಾತ್ರ ಆಗಲಿಲ್ಲ. ಗಂಡನ ಅಂಗಿಯ ಮೇಲಿನ ಗುಂಡಿ ಹಾಕಿ, ಹುಡುಗರು ಹೊತ್ತ ಪೀಪಾಯಿಗಳ ಹಿಂದೆ ನಡೆದುಹೋದರು. ಗೇಟು ಅಂಗಳದ ಆ ತುದಿಯಲ್ಲಿತ್ತು. ನಡುವೆ ಅಷ್ಟೂ ಜನ, ಅಷ್ಟೂ ಪ್ಯಾನ್‌ಗಳು. ತಿಂಗಳಿಂದ ಬೈಸಿಕೊಂಡಿದ್ದ ನಾನು ಗೆದ್ದಿದ್ದೆ. ಆದರೂ ಸಂಕಟವಾಯಿತು.

ಅಭ್ಯಾಸ ಮುಂದುವರಿಯಿತು. ಟಾಂಟಿ ದೂರದಿಂದ ಎಷ್ಟು ಜೋರಾಗಿ ಬಾರಿಸಿದರೂ ಕಂಪ್ಯೂಟರು ಅಲುಗಲಿಲ್ಲ. ಅಷ್ಟರಲ್ಲಿ ಅಂಕಲ್ ಅವರ ಕೈ ಮೇಲೆ ಹೋಯಿತು. ಮತ್ತೆ ನಿಂತಿತೇ ಎಂದು ಬಗ್ಗಿ ನೋಡಿದೆ. ಪರದೆ ಓಡುತ್ತಲೇ ಇತ್ತು. ಅಂಕಲ್ ನೋಡುತ್ತಿದ್ದುದು ಗೇಟಿನ ಕಡೆ. ಏನೋ ಹೇಳಿದರು. ಇಡೀ ಅಭ್ಯಾಸದ ಕಾಲದಲ್ಲಿ ಅವರು ಅಂಗಳದಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲು. ನನಗೆ ಒಂದಕ್ಷರವೂ ತಿಳಿಯಲಿಲ್ಲ.

"ಏನಂತೆ?" ಎಂದು ಟಾಂಟಿ ಅಲ್ಲಿಂದ ಕೂಗಿದರು.

"ಗೊತ್ತಾಗ್ತಿಲ್ಲ ಟಾಂಟಿ!"

ಅಂಕಲ್ ಮೇಜು ಹಿಡಿದು ಎದ್ದರು. ನಾನು ತೋಳು ಹಿಡಿಯಲು ಹೋದರೆ ಕೊಡವಿದರು. ಕಟ್ಟೆ ಇಳಿದು, ಬಲಗಾಲು ಎಳೆಯುತ್ತ, ಪ್ಯಾನ್‌ಗಳ ಚೌಕಟ್ಟುಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತ ಅಂಗಳದ ನಡುವೆ ನಡೆದರು. ಜನ ದಾರಿ ಬಿಟ್ಟರು. ಟಾಂಟಿಯ ಪೀಪಾಯಿಗಳ ನಡುವೆ ನುಸುಳಿ, ಅಲ್ಲಿದ್ದ ಸೋಡಾ ಕ್ರೇಟಿನ ಮೇಲೆ ಕುಸಿದು ಕೂತರು. ಸ್ಪೀಕರು ಇಲ್ಲಿ ಕಟ್ಟೆಯ ಮೇಲೆ ತನ್ನ ಪಾಡಿಗೆ ಹಾಡುತ್ತಿತ್ತು. ಅವರು ಕೈ ಬೀಸಿದರು, ನಾನು ಅದನ್ನು ನಿಲ್ಲಿಸಿದೆ.

ಆಮೇಲೆ ಅವರು ಗುನುಗಿದರು. ದಪ್ಪ ನಾಲಗೆಯ, ಜೊಲ್ಲು ತುಂಬಿದ, ಅಡ್ಡಾದಿಡ್ಡಿ ಗುನುಗು. ನಮಗೆ ಅದು ನರಳಿದಂತೆ ಕೇಳಿಸಿತು. ಟಾಂಟಿ ತಲೆ ವಾಲಿಸಿ ಕೇಳಿ, ಕೋಲೆತ್ತಿ ಬಾರಿಸಿದರು. ಹಾಡಿನ ಕೊನೆಯ ಭಾಗ ಅಷ್ಟು ಸ್ಪಷ್ಟವಾಗಿ, ಅಷ್ಟು ಚೆಂದವಾಗಿ ಹೊರಟಿತು. ಅಂಕಲ್ ಏನೋ ಗೊಣಗಿದರು.

"ನಡುವಿನೋರು ತಡವಾಗಿ ಬರ್ತಿದೀರಂತೆ," ಎಂದರು ಟಾಂಟಿ. ಇನ್ನೊಂದು ಗೊಣಗು. "ವೆಂಡೆಲ್, ನಿನ್ನ ಕೈ ಕತ್ತೆ ಬಾಲದ ಹಾಗಿದ್ಯಂತೆ. ಇದು ನನ್ನ ಮಾತಲ್ಲಪ್ಪ, ಅವರದೇ."

ಈ ಸಲ ಅಂಕಲ್ ತಡೆಯಲಿಲ್ಲ. ಟಾಂಟಿ ಅವರ ಬಾಯಾದರು, ಕೈಯೂ ಆದರು. ಎಡಗೈ ಮೇಲೆ ಹೋದರೆ ನಿಂತೆವು, ಇಳಿದರೆ ಬಾರಿಸಿದೆವು. ಹಾಡು ಕೊನೆಯ ಸ್ವರ ಮುಟ್ಟಿದಾಗ ರಸ್ತೆಯ ಜನರೂ ಗೇಟಿನಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ನಾನು ನಾಚಿಕೆಯಿಲ್ಲದೆ ಅಳುತ್ತಿದ್ದೆ.

ವೆಂಡೆಲ್ ಫೋನು ತೆಗೆದು ಮೂಲೆಗೆ ಹೋದ. "ಇಲ್ಲಪ್ಪ, ನಾಳೆ ಬರೋದು ಬೇಡ. ಇಲ್ಲ, ಶುಕ್ರವಾರಾನೂ ಬೇಡ. ನಮ್ಮೋರು ಇದ್ದಾರೆ," ಎಂದದ್ದು ಎಲ್ಲರಿಗೂ ಕೇಳಿಸಿತು. ಫೋನು ಜೇಬಿಗಿಟ್ಟು ಬಂದು, "ಟಾಂಟಿ, ಅಲ್ಲಿ ಕಟ್ಟೆ ಮೇಲೆ ಮೊದಲು ಏನೋ ಹೇಳಿದ್ರಲ್ಲ ಅಂಕಲ್, ಏನದು?" ಎಂದು ಕೇಳಿದ.

ಟಾಂಟಿ ಗಂಡನ ಕಿವಿಗೆ ಬಗ್ಗಿ ಕೇಳಿದರು. ಅವರು ಹೇಳಿದರು. ಟಾಂಟಿಯ ಮುಖ ಕೆಂಪಾಯಿತು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಲಂಗದ ಅಂಚಿನಿಂದ ಅವರ ತುಟಿಯಂಚು ಒರೆಸಿದರು.

"ನೀನು ಅಷ್ಟು ದೂರ ಇದ್ರೆ ನಂಗೆ ಹಾಡು ಬರಲ್ಲ ಅಂದ್ರಂತೆ," ಎಂದರು. "ಮುದುಕನಿಗೆ ಇದನ್ನ ಹೇಳಕ್ಕೆ ಇಷ್ಟು ವರ್ಷ ಬೇಕಾಯ್ತು."