ಅಣ್ಣನ ಪೆನ್‌ಡ್ರೈವ್

ಕೆಮ್ಮಿನ ಔಷಧಿ ತಯಾರಿಸುವ ಆ ಕಾರ್ಖಾನೆಯಲ್ಲಿ ಅವನಿಗೆ ಬೀಗದಪ್ಪ ಎಂದೇ ಹೆಸರು. ಯಂತ್ರಗಳನ್ನು ನಡೆಸುವ ಕಂಪ್ಯೂಟರುಗಳನ್ನು ಕಾಯುವುದು ಅವನ ಕೆಲಸ. ಅವನು ಒಪ್ಪಿಗೆ ಕೊಟ್ಟ ಪ್ರೋಗ್ರಾಂ ಬಿಟ್ಟರೆ ಇನ್ನೊಂದು ಅಲ್ಲಿ ಉಸಿರೆತ್ತುವಂತಿರಲಿಲ್ಲ. ಪೆನ್‌ಡ್ರೈವ್ ಯಾರದೇ ಇರಲಿ, ಮೊದಲು ಗೇಟಿನ ತಪಾಸಣೆ ಪೆಟ್ಟಿಗೆಗೆ ಚುಚ್ಚಬೇಕು. ಹಸಿರು ದೀಪ ಬಂದರೆ ಒಳಗೆ, ಕೆಂಪು ಬಂದರೆ ಬಂದ ದಾರಿಗೆ ಸುಂಕವಿಲ್ಲ. ಮ್ಯಾನೇಜರನ್ನೇ ಒಮ್ಮೆ ಅಲ್ಲಿ ನಿಲ್ಲಿಸಿದ್ದ ಆಸಾಮಿ. ಮನೆಯಲ್ಲಿ ಅಣ್ಣನೆದುರು ಕೊಚ್ಚಿಕೊಳ್ಳುತ್ತಿದ್ದುದೂ ಅದನ್ನೇ.

ಬಾಟಲಿ ತುಂಬುವ ಯಂತ್ರ ಕೆಟ್ಟಾಗ ರಿಪೇರಿಗೆ ಬಂದವನು ಅದೇ ಅಣ್ಣ. ಅಪ್ಪ ಹೋದ ಮೇಲೆ ಗ್ಯಾರೇಜಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಇವನನ್ನು ಓದಿಸಿದವನು, ಈಗ ಕಾರ್ಖಾನೆಗಳ ಯಂತ್ರಗಳನ್ನೂ ರಿಪೇರಿ ಮಾಡುತ್ತಿದ್ದ. ಬಂದವನೇ ಜೇಬಿನಿಂದ ರಿಪೇರಿ ಪ್ರೋಗ್ರಾಂಗಳಿದ್ದ ಪೆನ್‌ಡ್ರೈವ್ ತೆಗೆದು ಪೆಟ್ಟಿಗೆಯ ಮುಂದೆ ನಿಂತ. ಕಾವಲಿನ ಹೆಂಗಸು ಕೈ ಚಾಚಿದಳು. ಅಂಥ ಅಣ್ಣನನ್ನು ನಾಲ್ಕು ಜನರೆದುರು ಕಳ್ಳನ ಹಾಗೆ ತಪಾಸಣೆಗೆ ನಿಲ್ಲಿಸುವುದೇ? ಬೀಗದಪ್ಪನಿಗೆ ಮನಸ್ಸು ಬರಲಿಲ್ಲ.

“ಬಿಡಮ್ಮ, ನಮ್ಮಣ್ಣ ಅವರು,” ಎಂದ.

ಅಣ್ಣ ಏನೋ ಹೇಳಹೊರಟ. ಇವನು ಕೇಳಿಸಿಕೊಳ್ಳದೆ ತೋಳು ಹಿಡಿದು ಕರೆದೊಯ್ದ, ಯಂತ್ರದ ಬೀಗ ತೆಗೆದ, ಪೆನ್‌ಡ್ರೈವಿನಲ್ಲಿ ಇದ್ದಬದ್ದದ್ದಕ್ಕೆಲ್ಲ ತಾನೇ ಒಪ್ಪಿಗೆ ಒತ್ತಿದ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಎಷ್ಟೋ ಕಾರ್ಖಾನೆ ಸುತ್ತಿ ಬಂದಿದ್ದ ಆ ಪೆನ್‌ಡ್ರೈವಿನಲ್ಲಿ ವೈರಸ್ ಇತ್ತು. ಊಟದ ಹೊತ್ತಿಗೆ ಪರದೆಗಳೆಲ್ಲ ಕಪ್ಪಾದವು. ಔಷಧಿ ಬಾಟಲಿ ಬಿಟ್ಟು ನೆಲಕ್ಕೆ ಸುರಿಯತೊಡಗಿತು. ಇಡೀ ಸಾಲನ್ನೇ ನಿಲ್ಲಿಸಬೇಕಾಯಿತು.

ತಪಾಸಣೆಯಿಲ್ಲದೆ ಪೆನ್‌ಡ್ರೈವ್ ಒಳಗೆ ಬಂದಿದ್ದು ಹೇಗೆ ಎಂದು ಮ್ಯಾನೇಜರ್ ತಮ್ಮ ಕೋಣೆಗೆ ಇಬ್ಬರನ್ನೂ ಕರೆಸಿ ಕೇಳಿದರು. ಬೀಗದಪ್ಪ ಅಣ್ಣನ ಕಡೆ ನೋಡಿದ.

“ನಂದೇ ತಪ್ಪು ಸಾರ್,” ಎಂದ ಅಣ್ಣ. “ಅವಸರದಲ್ಲಿ ಜೇಬಲ್ಲೇ ಇಟ್ಕೊಂಡು ಬಂದ್ಬಿಟ್ಟೆ. ತಪಾಸಣೆ ಆಗಿದೆ ಅಂತ ಇವನಿಗೂ ಸುಳ್ಳು ಹೇಳ್ದೆ.”

ಇನ್ನು ಮುಂದೆ ಈ ಕಾರ್ಖಾನೆಯ ಕೆಲಸ ಅಣ್ಣನಿಗಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಊರಿಗೆಲ್ಲ ಬೀಗ ಹಾಕುತ್ತಿದ್ದವನು ಈಗ ಬಾಯಿಗೇ ಬೀಗ ಹಾಕಿಕೊಂಡು ನೆಲ ನೋಡುತ್ತ ನಿಂತಿದ್ದ.

ಇಬ್ಬರೂ ಗೇಟಿಗೆ ಬಂದರು. ಕಾವಲಿನ ಹೆಂಗಸು ಎಲ್ಲ ಗೊತ್ತಿದ್ದೂ ಮುಖ ಆಚೆ ತಿರುಗಿಸಿದಳು. ಬೈದಿದ್ದರೇ ವಾಸಿಯಿತ್ತು. ಅಣ್ಣ ಹೋಗುವ ಮುನ್ನ ಪೆನ್‌ಡ್ರೈವನ್ನು ಪೆಟ್ಟಿಗೆಗೆ ಚುಚ್ಚಿದ. ಕೆಂಪು ದೀಪ ಹತ್ತಿತು.

“ಚೆನ್ನಾಗಿದೆ ಕಣೋ ನಿನ್ನ ಪೆಟ್ಟಿಗೆ,” ಎಂದ. “ಗ್ಯಾರೇಜಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ, ನನ್ನ ತಮ್ಮ ನನ್ನನ್ನೂ ಸುಮ್ಮನೆ ಒಳಗೆ ಬಿಡಲ್ಲ ಅಂತ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಬೀಗದಪ್ಪನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಅಣ್ಣನ ಕೈಯಿಂದ ಪೆನ್‌ಡ್ರೈವ್ ಇಸಿದುಕೊಂಡ.

“ಇಲ್ಲೇ ಕೂತಿರಣ್ಣ,” ಎಂದು ಹೇಳಿ ಮ್ಯಾನೇಜರ್ ಕೋಣೆಗೆ ವಾಪಸ್ ಹೊರಟ.