ಭತ್ತದ ರಾಶಿಯಲ್ಲಿ ಗಿಟಾರ್

ನನ್ನ ಎಲೆಕ್ಟ್ರಿಕ್ ಗಿಟಾರಿನ ಕುತ್ತಿಗೆಗೆ ಹವೆ ಬದಲಾದರೆ ಆಗಿಬರುವುದಿಲ್ಲ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವ ಲಿಂಗಸುಗೂರಿನ ಒಣ ಬಿಸಿಲಿಗೆ ಅದು ಹಿಂದಕ್ಕೆ ಸೆಟೆದು ತಂತಿಗಳು ಗರಗರ ಎನ್ನುತ್ತವೆ. ಸಿಂಧನೂರಿನ ಬದಿಯ ನಮ್ಮೂರು ಸಾಲಗುಂದಕ್ಕೆ ತಂದರೆ ಗದ್ದೆಯ ತೇವ ಕುಡಿದು ಮುಂದಕ್ಕೆ ಬಾಗುತ್ತದೆ. ತಂತಿಗಳು ಮೇಲೆದ್ದು, ಒತ್ತಿ ಒತ್ತಿ ಬೆರಳುಗಳು ಉರಿಯುತ್ತವೆ. ಕುತ್ತಿಗೆಯೊಳಗೆ ಒಂದು ಕಬ್ಬಿಣದ ಸರಳಿದೆ. ಅದನ್ನು ಕೀಲಿಯಿಂದ ಕಾಲು ಸುತ್ತು ತಿರುವಿದರೆ ಸರಿಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ಈ ಸೇವೆ ಮಾಡಿ ನನಗೆ ಸಾಕಾಗಿ ಹೋಗಿದೆ.

ಆದರೂ ಬಿಡಲಾರೆ. ನಾನು ಎಡಚಿ. ಎಡಗೈಯವರ ಗಿಟಾರು ಈ ಕಡೆ ಯಾರ ಬಳಿಯೂ ಇಲ್ಲ; ಹೈದರಾಬಾದಿನಿಂದ ತರಿಸಲು ಮೂರು ತಿಂಗಳು ಕಾದಿದ್ದೆ.

ನವೆಂಬರಿನಲ್ಲಿ ಮಸ್ಕಿಯ ಕನಕರಾಜ ತನ್ನ ಆರ್ಕೆಸ್ಟ್ರಾಕ್ಕೆ ನನ್ನನ್ನು ಕರೆದ. ಭಾನುವಾರ ಸಿಂಧನೂರಿನಲ್ಲಿ ಕಾರ್ಯಕ್ರಮ, ನನ್ನ ಮೊದಲ ವೇದಿಕೆ. ಆರು ವರ್ಷದಿಂದ ಮಗಳ ಗಿಟಾರನ್ನು 'ಆ ಕಟ್ಟಿಗಿ' ಎಂದೇ ಕರೆಯುತ್ತಿದ್ದ ಅಪ್ಪ ಅಮರಗುಂಡಪ್ಪ, "ನಾನೂ ಕೇಳಾಕ ಬರ್ತೀನಿ" ಎಂದುಬಿಟ್ಟ. ಖುಷಿಗೆ ನಾನು ಅತ್ತೇ ಬಿಟ್ಟೆ.

ಅಲ್ಲಿಯ ಹವೆಗೆ ಹೊಂದಿಕೊಳ್ಳಲಿ ಎಂದು ಗಿಟಾರನ್ನು ಒಂದು ವಾರ ಮುಂಚೆಯೇ ಊರಲ್ಲಿಟ್ಟೆ. "ಹಸಿಗೆ ಬಾಗ್ತದಪ್ಪಾ. ಶನಿವಾರ ಬಂದು ನೆಟ್ಟಗ ಮಾಡ್ತೀನಿ" ಎಂದು ಹೇಳಿ ಹೋದೆ. ಹೇಳದೆ ಹೋಗಿದ್ದರೆ ಚೆನ್ನಾಗಿತ್ತು.

ಶನಿವಾರ ಬಂದಾಗ ಗಿಟಾರು ಮನೆಯಲ್ಲಿರಲಿಲ್ಲ. ಅಪ್ಪ ನಗುತ್ತ ನನ್ನನ್ನು ಕಣಕ್ಕೆ ಕರೆದೊಯ್ದ. ಕೊಯ್ದು ತಂದ ಭತ್ತವನ್ನು ಒಣಗಿಸದೆ ರಾಶಿ ಹಾಕಿ ಮುಚ್ಚಿದರೆ ಒಳಗೊಳಗೇ ಕಾಯುತ್ತದೆ. ಅಪ್ಪ ತಾಡಪತ್ರಿ ಸರಿಸಿದ, ಹಬೆ ಮುಖಕ್ಕೆ ಬಡಿಯಿತು. ಮೊಣಕೈವರೆಗೆ ಕೈ ತೂರಿಸಿ ನನ್ನ ಗಿಟಾರನ್ನು ಹೊರಗೆಳೆದ.

"ಬಾಗಿದ ಬಾರಕೋಲು ಬಿಸಿಗಿಟ್ಟ ನೆಟ್ಟಗ ಮಾಡ್ತೀವಲ್ಲ ಅವ್ವಾ, ಹಂಗ. ಆರು ದಿನ ಇಟ್ಟೀನಿ. ಮ್ಯಾಲ ಒಂದು ಚೀಲಾನೂ ಹೇರಿದ್ದೆ."

ಕೀಲಿ ಹಾಕಿ ತಿರುವಿದೆ. ಬಾಗಿದ್ದನ್ನು ಸರಳು ಎಳೆದು ನಿಲ್ಲಿಸೀತು, ತಿರುಚಿದ್ದಕ್ಕೆ ಅದರಲ್ಲಿ ಮದ್ದಿಲ್ಲ. ತುದಿಯಿಂದ ಕಣ್ಣಿಟ್ಟು ನೋಡಿದರೆ ಕುತ್ತಿಗೆ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು. ದಪ್ಪ ತಂತಿಗಳು ಮರಕ್ಕೆ ಅಂಟಿದ್ದವು, ಸಣ್ಣವು ಒತ್ತಲಾಗದಷ್ಟು ಎತ್ತರದಲ್ಲಿದ್ದವು.

ನನ್ನ ಸಿಟ್ಟು ಊರಿಗೇ ಗೊತ್ತು. ನಿನಗ್ಯಾರು ಹೇಳಿದ್ದರು ಎಂದು ಕಿರುಚಲು ಬಾಯಿ ತೆರೆದೆ. ಅಪ್ಪ ಧೋತರದ ಚುಂಗಿನಿಂದ ಗಿಟಾರಿನ ಮೈ ಒರೆಸುತ್ತಿದ್ದ. ತಂತಿಗಳ ಸಂದಿಯಿಂದ ಒಂದೊಂದೇ ಕಾಳು ಹೆಕ್ಕುತ್ತಿದ್ದ. ಆರು ವರ್ಷದಲ್ಲಿ ಅವನು ಅದನ್ನು ಮುಟ್ಟಿದ್ದು ನಾನು ಕಂಡದ್ದು ಇದೇ ಮೊದಲು. ತೆರೆದ ಬಾಯಿ ಮುಚ್ಚಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

"ನೆಟ್ಟಗಾಗೇತಿಲ್ಲೋ?" ಎಂದ.

"ಆಗೇತಿ ಅಪ್ಪಾ."

"ಹಂಗಾರ ಬಾರಿಸು."

ಕರೆಂಟಿಗೆ ಜೋಡಿಸದ ಗಿಟಾರಿನ ದನಿ ಸಣ್ಣದು. ಅಪ್ಪ ಪಕ್ಕದಲ್ಲೇ ಕುಳಿತು ಕಿವಿಗೊಟ್ಟ. ಕಲಿತದ್ದೆಲ್ಲ ಅಪಸ್ವರವಾಗಿ ಬಂತು. ಅವನು ಕಣ್ಣು ಮುಚ್ಚಿ ತಲೆದೂಗಿದ.

ಜೇಬಿನಲ್ಲಿ ಫೋನು ರಿಂಗಾಯಿತು. ಕನಕರಾಜ. ಅವನಿಗೆ ಏನೆಂದು ಹೇಳಲಿ? ಎತ್ತಲಿಲ್ಲ.

"ಓಣಿ ಮಂದಿಗೆಲ್ಲಾ ಹೇಳೀನಿ. ನಾಳೆ ಎರಡು ಟ್ರ್ಯಾಕ್ಟರ್ ತುಂಬ ಬರ್ತಾರ" ಎಂದ ಅಪ್ಪ. ಆಮೇಲೆ ಸ್ವಲ್ಪ ನಾಚಿಕೊಂಡು ಸೇರಿಸಿದ: "ನೆಟ್ಟಗ ಮಾಡಿ ಕೊಟ್ಟಾಂವ ನಮ್ಮಪ್ಪ ಅಂತ ಮೈಕಿನ್ಯಾಗ ಒಂದ್ ಮಾತ ಹೇಳು, ಅವ್ವಾ."