ದುಂಡನೆಯ ಅಕ್ಷರ

“ಈ ಕಾಗದದ ಮ್ಯಾಲ ಬೀರವ್ವನ ಹೆಬ್ಬೆಟ್ಟು ಬಿತ್ತಂದ್ರ ನಿಮ್ಮ ಕೈ ಮುರೀತೇನಿ ನೋಡ್ರಿ ಸರ!”

“ಮುರೀರಿ. ಮುರದು ನೀವ ಬಂದು ಇಂಗ್ಲೀಷ್ ಕಲಸ್ರಿ. ಎರಡು ವರ್ಷ ಆತು ಇಲ್ಲಿ ಇಂಗ್ಲೀಷ್ ಮಾಸ್ತರಿಲ್ಲ.”

ಹೆಡ್‌ಮಾಸ್ತರ ಸುನಿಲಕುಮಾರ ಕುರ್ಚಿ ಬಿಟ್ಟು ಏಳಲಿಲ್ಲ. ಬೆಟಗೇರಿಯ ನೇಕಾರರ ಮನೆಯವರು. ದಿನಾ ಮುಂಡರಗಿಯಲ್ಲಿ ಬಸ್ಸು ಬದಲಿಸಿ ನಮ್ಮೂರ ಸರಕಾರಿ ಹೈಸ್ಕೂಲಿಗೆ ಬರುತ್ತಾರೆ. ನಾನು ಮೇಜು ಗುದ್ದಿದ್ದಕ್ಕೆ ಅವರ ನೀರಿನ ಬಾಟಲಿ ಉರುಳಿ ಕೆಳಗೆ ಬಿದ್ದಿತ್ತು. ಅದನ್ನು ಎತ್ತಿಡಲೂ ಇಲ್ಲ. ಬೀರವ್ವ ಬಾಗಿಲ ಬದಿ ನೆಲದ ಮೇಲೆ ಕೂತಿದ್ದಳು. ಎರಡು ಕುರ್ಚಿ ಖಾಲಿ ಇದ್ದವು. “ಮ್ಯಾಲ ಕುಂಡ್ರವಾ” ಅಂದರೆ “ಇರ್ಲಿ ಬಿಡೋ ಯಣ್ಣಾ” ಅಂದಿದ್ದಳು. ಕಾಗದ ನನ್ನ ಮುಷ್ಟಿಯಲ್ಲಿತ್ತು.

ಅದೇ ಮುಂಜಾನೆ ಎಂಟಕ್ಕೆ ಬೀರವ್ವ ಆ ಕಾಗದ ಹಿಡಿದು ನನ್ನ ಹಿಟ್ಟಿನ ಗಿರಣಿಗೆ ಬಂದಿದ್ದಳು. ಹಿಂದೆ ಮಗಳು ವಿದ್ಯಾಶ್ರೀ, ಎರಡು ಜಡೆ, ಕೆಂಪು ರಿಬ್ಬನ್ನು, ಹೆಗಲಿಗೆ ಪಾಟಿಚೀಲ.

“ಹೆಬ್ಬೆಟ್ಟು ಒತ್ತಿ ಕಳಸಬೇಕಂತ, ಉಳವಪ್ಪಣ್ಣ. ಏನ್ ಬರದೈತಿ ಓದಿ ಹೇಳು. ಈಕಿ ಓದವಲ್ಲಳು. ಕಾಕಾನ ಕಡೆ ಓದಿಸು ಅಂತಾಳ.”

ಓದಿದೆ. ‘ಮನೆಯ ಅಡಚಣೆಯ ಕಾರಣ ನಾನು ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡ್ರುವುದಿಲ್ಲ. ಇದಕ್ಕೆ ನನ್ನ ತಾಯಿಯ ಒಪ್ಪಿಗೆ ಇರುತ್ತದೆ.’

ಅಕ್ಷರ ವಿದ್ಯಾಶ್ರೀಯದು. ಅದು ಊರಿಗೆಲ್ಲ ಗೊತ್ತಿದ್ದ ಅಕ್ಷರ. ಶಾಲೆಯ ಹೊರಗಿನ ಹಲಗೆಯ ಮೇಲೆ ದಿನಾ ಸುಭಾಷಿತ ಬರೆಯುವವಳು ಅವಳು. ಊರಲ್ಲಿ ಮದುವೆಯಾದರೆ ಬಾಗಿಲ ಮೇಲೆ ‘ಸುಸ್ವಾಗತ’ ಬರೆಯಲು ಅವಳನ್ನೇ ಕರೆಯುತ್ತಿದ್ದರು. ನನ್ನ ಗಿರಣಿಯ ಮುಂದೆ ತಗಡಿನ ಮೇಲೆ ‘ಸೋಮವಾರ ರಜೆ’ ಎಂದು ಬರೆದದ್ದೂ ಅವಳೇ. ಒಂದು ಚೀಟಿಯಲ್ಲಿ ನಾನು ಕೋಳಿ ಕೆದರಿದ ಹಾಗೆ ಬರೆದು ಕೊಟ್ಟಿದ್ದೆ. ಅದನ್ನು ನೋಡಿ ನೋಡಿ ದುಂಡಗೆ ಬರೆದಿದ್ದಳು. ನನ್ನ ಮಗಳು ಭಾಗ್ಯಾ ಅದೇ ತರಗತಿ. ಅವಳ ಅಕ್ಷರ ಕಂಡಾಗೆಲ್ಲ “ಬೀರವ್ವನ ಮಗಳ್ನ ನೋಡಿ ಕಲಿ” ಎಂದು ಬೈದಿದ್ದೇನೆ.

ನನಗೆ ಸಿಟ್ಟು ಬಂತು. “ಏನ್ ಹುಡುಗಿ, ಹತ್ತು ವರ್ಷ ಶಾಲಿಗೆ ಹೋಗಿ ಪರೀಕ್ಷಿ ಬರ್ಯಾಂಗಿಲ್ಲ ಅಂತ ಬರದೀಯಲ್ಲ, ನಾಚಿಕಿ ಬರೂದಿಲ್ಲೇನು? ಅಪ್ಪನಂಗ ಗೋವಾಕ ದುಡ್ಯಾಕ ಹೋಗಿ ಬುಟ್ಟಿ ಹೊರಾಕ ಅಷ್ಟು ಹುರುಪೈತೇನು?”

“ಯಾವ ಪರೀಕ್ಷಿ ಕಾಕಾ?”

“ನೀನ ಬರದೀಯಲ್ಲ!”

“ಸರ ಒಂದು ಹಾಳಿ ಕೊಟ್ರು. ಇದನ್ನ ನೋಡಿ ಚೆಂದಾಗಿ ಬರದು ಅವ್ವನ ಹೆಬ್ಬೆಟ್ಟು ಹಾಕ್ಸಿಕೊಂಡು ಬಾ ಅಂದ್ರು. ಬರದೆ.”

ನಾನು ಮೋಟಾರು ಬಂದ್ ಮಾಡಿದೆ. ಪಟ್ಟಿ ತಿರುಗಿ ತಿರುಗಿ ನಿಂತಿತು.

“ಏನ್ ಬರದಿ ಅಂತ ಗೊತ್ತಿಲ್ಲೇನು ನಿನಗ?”

ಅವಳು ಹಿಟ್ಟು ಬೀಳುವ ಡಬ್ಬಿಯ ಕಡೆ ನೋಡುತ್ತ ನಿಂತಳು. ಬೀರವ್ವ ನನ್ನ ಮುಖ ನೋಡಿದಳು, ಮಗಳ ಮುಖ ನೋಡಿದಳು. “ನೀನೂ ನನ್ನಂಗನ ಏನು?” ಅಂದಳು. ವಿದ್ಯಾಶ್ರೀ ಶಾಲೆಯ ಹಾದಿ ಹಿಡಿದಳು. ಶಾಲೆ ಕೂಡಿದ ಮೇಲೆ ನಾನು ಬೀರವ್ವನನ್ನು ಕರೆದುಕೊಂಡು ಹೋದೆ. ಆ ಶಾಲೆಯ ಸಮಿತಿಗೆ ನಾನು ಅಧ್ಯಕ್ಷ. ಏಳನೆತ್ತದ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಶಾಲೆ ಬಿಟ್ಟವನು, ಆದರೂ ಅಧ್ಯಕ್ಷ.

“ನಿಮಗ ಗೊತ್ತಿತ್ತಲ್ಲ, ಆಕಿಗೆ ಓದಾಕ ಬರೂದಿಲ್ಲ ಅಂತ?” ಅಂತ ಈಗ ಹೆಡ್‌ಮಾಸ್ತರನ್ನು ಕೇಳಿದೆ.

“ಗೊತ್ತೈತಿ. ನಾ ಈ ಶಾಲಿಗೆ ಬಂದ ತಿಂಗಳದಾಗ ಗೊತ್ತಾತು.”

“ಗೊತ್ತಿದ್ದೂ ಆಕಿ ಕಡಿಂದನ ಬರಸೀರಿ? ತನ್ನ ಕುತಗೀನ ತಾನ ಕೊಯ್ಕೋ ಅಂತ?”

ಅವರು ತಲೆ ತಗ್ಗಿಸಿದರು. “ಅದು ತಪ್ಪಾತು. ನಾ ಬರದ್ರ ಮಾಸ್ತರ ಹೊರಗ ಹಾಕಿದ ಅಂತಾರ. ವಿದ್ಯಾರ್ಥಿನ ಬರಕೊಟ್ರ ಯಾರೂ ಕೇಳೂದಿಲ್ಲ. ಖರೆ ಹೇಳಾಕತ್ತೇನಿ.”

“ಆತಲ್ಲ. ಹರೀರಿ ಮತ್ತ.”

“ಅಧ್ಯಕ್ಷರ, ಒಂದೀಟು ಕುಂಡ್ರಿ. ಮೊದಲಿನಂಗ ಪರೀಕ್ಷಿ ಈಗಿಲ್ಲ. ಕೋಣಿಗೊಂದು ಕ್ಯಾಮೆರಾ ಇರತಾವು. ಮೊದಲ ಯಾರರ ಬಂದು ಹೇಳಿಕೊಡತಿದ್ರು, ಕಿಡಕ್ಯಾಗಿಂದ ಚೀಟಿ ಬರತಿತ್ತು, ಈಕಿ ಅದನ್ನ ನೋಡಿ ಬರದು ಪಾಸಾಗತಿದ್ಲು. ಈಗ ಮೂರು ತಾಸು ಖಾಲಿ ಹಾಳಿ ಮುಂದ ಕುಂಡ್ರಬೇಕು. ಹೋದ ವರ್ಷ ನಮ್ಮ ಅರ್ಧಾ ಹುಡುಗ್ರು ನಪಾಸು. ಈ ವರ್ಷನೂ ಹಂಗ ಆದ್ರ ಎಂಟನೇತ್ತಾಕ ಒಬ್ಬರೂ ಬರೂದಿಲ್ಲ, ಎಲ್ಲಾರೂ ಮುಂಡರಗಿ ಇಂಗ್ಲೀಷ್ ಶಾಲಿ ಬಸ್ ಹತ್ತತಾರ. ಈ ಶಾಲಿ ಮುಚ್ಚತೈತಿ. ನಾಕು ಮಂದಿ ಕೂಡ್ರಲಿಲ್ಲಂದ್ರ ಮೂವತ್ತು ಮಂದಿ ಉಳೀತಾರ.”

“ಯಾರಿಗೆ ಉಳೀಬೇಕ್ರೀ ಶಾಲಿ? ಓದಾಕ ಬರೋರು ಎಲ್ಲಿ ಕುಂತರೂ ಓದತಾರ. ರೊಕ್ಕ ಇದ್ದವರು ಬಸ್ ಹತ್ತತಾರ. ಬೀರವ್ವನಂಥವರ ಮಕ್ಕಳಿಗಲ್ಲೇನು ಸರಕಾರ ಈ ಗ್ವಾಡಿ ಕಟ್ಟಿಸಿದ್ದು? ಅವರ್ನ ಹೊರಗ ಹಾಕಿ ಗ್ವಾಡಿ ಉಳಿಸಿಕೊಂಡು ಏನ್ ಮಾಡ್ತೀರಿ, ಸೆಗಣಿ ಕುಳ್ಳು ಬಡೀತೀರೇನು?”

“ಮೂರು ಮಂದಿ ಮಾಸ್ತರು, ಆರು ವಿಷಯ. ಹತ್ತನೇತ್ತಾದಾಗ ಅ ಆ ಇ ಈ ಯಾವಾಗ ಕಲಸಲಿ, ನೀವ ಹೇಳ್ರಿ.”

“ಒಂದನೇತ್ತಾದಾಗ ಕಲಸಬೇಕಿತ್ತು!”

ಆಗ ಅವರು ಎದ್ದು ನಿಂತರು. ಮೊದಲ ಸಲ ದನಿ ಏರಿಸಿದರು.

“ಒಂದನೇತ್ತಾದಾಗ ಆಕಿ ಎಲ್ಲಿದ್ಲು ಅಧ್ಯಕ್ಷರ? ಎರಡನೇತ್ತಾ, ಮೂರನೇತ್ತಾ, ನಾಕನೇತ್ತಾ, ದೀಪಾವಳಿಯಿಂದ ಯುಗಾದಿ ಮುಟಾ ಎಲ್ಲಿದ್ಲು? ಗೋವಾದಾಗ ಅವ್ವನ ಕೂಡ ಇಟ್ಟಂಗಿ ಹೊರತಿದ್ಲು. ಇಲ್ಲಿ ದಿನಾ ಹಾಜರಿ ಬೀಳತಿತ್ತು. ಕನ್ನಡ ಶಾಲಿ ಮಾಸ್ತರಿಗೆ ‘ಹೆಸರು ಕಡೀಬ್ಯಾಡ್ರಿ, ಹಾಜರಿ ಹಾಕ್ರಿ’ ಅಂದವರು ಯಾರು? ಆ ಮಾಸ್ತರು ಇನ್ನೂ ಬದುಕಿ ಅದಾರ, ನನಗ ಎಲ್ಲಾ ಹೇಳ್ಯಾರ.”

ಹೇಳಿದವನು ನಾನು. ಆಗ ಊರ ಪ್ರಾಥಮಿಕ ಕನ್ನಡ ಶಾಲೆಯ ಸಮಿತಿಯಲ್ಲಿದ್ದೆ. ಊರ ಅರ್ಧ ಮಂದಿ ದುಡಿಯಲು ಗೋವಾಕ್ಕೆ ಹೋಗುತ್ತಿದ್ದರು. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಮಾಸ್ತರನ್ನು ಬೇರೆ ಊರಿಗೆ ಕಳಿಸುತ್ತಿದ್ದರು. ಹೆಸರು ಇದ್ದರೆ ಮಾಸ್ತರು ಉಳಿಯುತ್ತಾನೆ, ಹುಡುಗಿಗೆ ಬಟ್ಟೆ, ಪುಸ್ತಕ ಸಿಗುತ್ತದೆ, ಯಾರಿಗೇನು ಲುಕ್ಸಾನು ಎಂದುಕೊಂಡಿದ್ದೆ. ಒಳ್ಳೆಯದು ಮಾಡಿದೆ ಎಂದು ಬೀರವ್ವನ ಮುಂದೆ ಹೇಳಿಕೊಂಡೂ ಇದ್ದೆ. ಹಾಜರಿ ತುಂಬಿದ್ದ ಹುಡುಗಿಗೆ ಎಷ್ಟು ಪಾಠ ತಪ್ಪಿದೆ ಎಂದು ಯಾರೂ ಕೇಳಲಿಲ್ಲ. ಐದನೆತ್ತಕ್ಕೆ ಅಜ್ಜಿಯ ಹತ್ತಿರ ಊರಲ್ಲೇ ಉಳಿದಾಗ ಅವಳು ಅಕ್ಷರವನ್ನು ರಂಗೋಲಿಯ ಹಾಗೆ ನೋಡಿ ಬರೆಯುವುದು ಕಲಿತಿದ್ದಳು. ಜಾಣೆ ಎಂದು ಎಲ್ಲರೂ ಮುಂದೆ ಮುಂದೆ ದೂಡಿದರು.

ತಪ್ಪು ನನ್ನದು ಅಂತ ಅಲ್ಲಿಯೇ ಅಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಬಾಯಿಗೆ ಅದು ಬರಲಿಲ್ಲ.

ಬೀರವ್ವ ಕೆಳಗಿನಿಂದಲೇ ಕೈ ಮುಗಿದಳು. “ಜಗಳಾ ಬ್ಯಾಡ್ರಿ. ಆಕಿ ಅಪ್ಪ ಫೋನ್ ಮಾಡ್ಯಾನ. ಪರೀಕ್ಷಿ ಇದ್ರ ಮುಗಿಸಿ ಬರ್ರಿ, ಇಲ್ಲಂದ್ರ ಈ ವಾರನ ಬರ್ರಿ ಅಂದಾನ. ಇಬ್ಬರೂ ಕೂಡಿ ಒಂದು ಹೇಳ್ರಿ ಸಾಕು.” ಈಶಪ್ಪ, ಅವಳ ಗಂಡ, ಗೋವಾದ ಮಡಗಾವದಲ್ಲಿ ಕಟ್ಟಡದ ಕೆಲಸಕ್ಕಿದ್ದ.

“ಕೇಳಿದ್ರೇನು?” ಅಂದೆ. “ಈ ಪರೀಕ್ಷಿ ಹೋದ್ರ ಹುಡುಗಿ ಹೋತು.”

“ಕುಂತು ನಪಾಸಾದ್ರೂ ಹೋಗತಾಳ,” ಅಂದರು ಹೆಡ್‌ಮಾಸ್ತರ. “ಹಂಗಾದ್ರ ನಾಕು ಮಂದ್ಯಾಗ ಮಾನ ಕಳಕೊಂಡು ಹೋಗತಾಳ. ಈಗಾದ್ರ ಚೆಂದ ಅಕ್ಷರದ ಹುಡುಗಿ ಅಂತ ಹೆಸರರ ಉಳೀತೈತಿ.”

ಆ ಮಾತಿಗೆ ನನ್ನ ತಲೆ ಕೆಟ್ಟಿತು. ಹೆಸರಂತೆ. ನಾನು ಕಿಡಕಿಗೆ ಹೋಗಿ, ಪಕ್ಕದ ಹತ್ತನೆತ್ತದ ಕೋಣೆಗೆ ಕೇಳುವ ಹಾಗೆ ಕೂಗಿದೆ. “ವಿದ್ಯಾಶ್ರೀ! ಬಾ ಇಲ್ಲಿ!”

“ಬ್ಯಾಡ್ರಿ,” ಹೆಡ್‌ಮಾಸ್ತರ ಮೇಜು ಸುತ್ತಿ ಬಂದು ನನ್ನ ರಟ್ಟೆ ಹಿಡಿದರು. “ಆಕಿನ್ನ ಕರೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ.” ನಾನು ಕೊಡವಿದೆ.

ಅವಳು ಬಂದಳು. ಕೈಯಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಅವಳ ಹಿಂದೆ ಅರ್ಧ ತರಗತಿ ಬಾಗಿಲಿಗೆ, ಕಿಡಕಿಗೆ ಬಂದು ನಿಂತಿತು. ಭಾಗ್ಯಾ ಎಲ್ಲರನ್ನೂ ದೂಡಿ ಮುಂದೆ ಬಂದು ನನಗೆ ಕಣ್ಣಿನಲ್ಲೇ ಬೇಡ ಎಂದಳು. ನಾನು ಮೇಜಿನ ಮೇಲಿದ್ದ ಸಮಾಜ ವಿಜ್ಞಾನದ ಪುಸ್ತಕ ತೆಗೆದು, ಕೈಗೆ ಬಂದ ಪುಟ ಬಿಡಿಸಿ, ಹುಡುಗಿಯ ಮುಂದೆ ಹಿಡಿದೆ.

“ಓದು.”

ಅವಳು ಪುಸ್ತಕ ನೋಡಿದಳು. ತುಟಿ ಅಲುಗಿತು. ಬೆರಳು ಮೊದಲ ಸಾಲಿನ ಕೆಳಗೆ ಹೋಯಿತು. ಮೊದಲ ಪದವೇ ‘ರಾಷ್ಟ್ರೀಕರಣ’. “ರಾ…” ಅಂದಳು. ಅಲ್ಲಿ ನಿಂತಳು. ಕಿಡಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ಓದವಾ!”

ಅವಳು ಓದಲಿಲ್ಲ. ನಾನು ಪುಸ್ತಕ ಹೆಡ್‌ಮಾಸ್ತರ ಎದೆಗೆ ಹಿಡಿದೆ. “ನೋಡ್ರಿ! ಹತ್ತು ವರ್ಷ! ಒಂದು ಸಾಲು ಬರೂದಿಲ್ಲ! ಹೊರಗಿನ ಹಲಗಿ ಮ್ಯಾಲ ದಿನಾ ಬರಸ್ತೀರಲ್ಲ, ಅದೇನಂತ ಆಕಿಗೆ ಗೊತ್ತಿಲ್ಲ! ಇದು ಆಕಿ ಮಾನ ಅಲ್ಲ, ನಿಮ್ಮ ಮಾನ, ನಿಮ್ಮ ಇಲಾಖೇದ ಮಾನ! ಈಗ ಇನ್ನೊಮ್ಮೆ ಹೇಳ್ರಿ, ಕೂಡ್ರಬ್ಯಾಡ ಅಂತ!”

ಸುನಿಲಕುಮಾರ ನನ್ನ ಮುಷ್ಟಿಯಿಂದ ಕಾಗದ ತೆಗೆದುಕೊಂಡು ನಾಲ್ಕು ಚೂರು ಮಾಡಿದರು.

“ಆಕಿ ಪರೀಕ್ಷಿ ಬರೀತಾಳ. ಸಂಜೀಕ ಒಂದು ತಾಸು ಹೆಚ್ಚಿಗಿ ಕುಂತು ನಾನ ಕಲಸ್ತೇನಿ. ಕಡೀ ಬಸ್ಸಿಗೆ ಹೋಗತೇನಿ. ಹಾಲ್ ಟಿಕೆಟ್ ಬಂದಾಗ ನಿಮ್ಮ ಕೈಯಾಗ ಕೊಡತೇನಿ. ಆತಿಲ್ಲೋ?”

ಮಾತಿಗೆ ತಪ್ಪಲಿಲ್ಲ ಅವರು. ಹಾಲ್ ಟಿಕೆಟ್ ಮಾರ್ಚಿನಲ್ಲಿ ತಂದು ಕೊಟ್ಟರು. ಒಯ್ಯುವವರಿಲ್ಲದೆ ಅದು ಇನ್ನೂ ನನ್ನ ಗಿರಣಿಯ ಗೂಡಿನಲ್ಲಿದೆ, ಹಿಟ್ಟು ಕೂತು ಫೋಟೋದ ಮುಖ ಕಾಣುವುದಿಲ್ಲ. ಆದರೆ ಆ ಹೊತ್ತಿಗೆ ನನಗೆ ಅದೇನೂ ಗೊತ್ತಿರಲಿಲ್ಲ. ಗೆದ್ದೆ ಎಂದುಕೊಂಡಿದ್ದೆ. “ಆತು” ಅಂದು, ಬೀರವ್ವನಿಗೆ “ಕೇಳಿದೇನವಾ, ಮಗಳು ಪರೀಕ್ಷಿ ಬರೀತಾಳ” ಎಂದು ಹೇಳಿ, ಹುಡುಗಿಯ ತಲೆ ಸವರಲು ತಿರುಗಿದೆ.

ಅವಳಿರಲಿಲ್ಲ. ಬಾಗಿಲಲ್ಲಿದ್ದ ಹುಡುಗರು ಎರಡು ಬದಿಗೆ ಸರಿದು ನಿಂತಿದ್ದರು.

“ಅಪ್ಪಾ,” ಅಂದಳು ಭಾಗ್ಯಾ. “ದಸರಾದಿಂದ ನಾ ಆಕಿಗೆ ಕಲಸಾಕತ್ತಿದ್ದೆ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಸಿದ್ಲು. ಒತ್ತಕ್ಷರ ಇಲ್ಲದ್ದೆಲ್ಲಾ ಓದತಿದ್ಲು. ಬಸ್ಸಿನ ಬೋರ್ಡ್ ಓದತಿದ್ಲು. ಎಂಥಾ ಪುಟಾ ತಗದ್ಯೋ ನೀ…”

ನಾನು ಅಂಗಳಕ್ಕೆ ಬಂದೆ. ವಿದ್ಯಾಶ್ರೀ ಗೇಟಿನ ಹತ್ತಿರ ಇದ್ದಳು. ಪಾಟಿಚೀಲ ತರಗತಿಯಲ್ಲೇ ಬಿಟ್ಟಿದ್ದಳು. ಹೊರಗಿನ ಹಲಗೆಯ ಮುಂದೆ ಒಂದು ಗಳಿಗೆ ನಿಂತು, ಆ ಮುಂಜಾನೆ ತಾನು ಬರೆದದ್ದನ್ನು ಅಂಗೈಯಿಂದ ಒಂದೇ ಸಲ ಒರೆಸಿದಳು. ಆಮೇಲೆ ಗೇಟು ದಾಟಿದಳು.

“ವಿದ್ಯಾಶ್ರೀ! ಹೊಳ್ಳಿ ಬಾ ಯವ್ವಾ! ಎಲ್ಲಾ ಆತು, ಸರ ಒಪ್ಯಾರ!”

ಅವಳು ಹೊರಳಿ ನೋಡಲಿಲ್ಲ. ಓಡಲೂ ಇಲ್ಲ. ತನ್ನ ಮನೆಯ ಓಣಿ ಬಂದಾಗ ಅದರೊಳಗೆ ತಿರುಗದೆ, ಗೋವಾಕ್ಕೆ ಹೋಗುವವರು ಬಸ್ಸು ಹತ್ತುವ ಸ್ಟ್ಯಾಂಡಿನ ಕಡೆ ನಡೆದಳು. ಬೀರವ್ವ ಸೆರಗು ಸಿಕ್ಕಿಸಿಕೊಂಡು ಅವಳ ಹಿಂದೆ ಹೋದಳು.